ಮಶೀನು ನಿಂತ ಲೆಕ್ಕ

ಕೂಡ್ಲಿಗಿಯಲ್ಲಿ ನಾನು ಹೊಲಿಗೆ ಕಲಿತದ್ದು ಹೊಲಿಗೆ ಅಂಗಡಿ ಇಟ್ಟಿದ್ದ ಒಬ್ಬ ಅಕ್ಕನ ಬಳಿ. ಅಂಗಡಿಯಲ್ಲಿ ಸದಾ ಒಬ್ಬಳೇ ಗಾಯಕಿಯ ಹಾಡು. ನಮ್ಮ ರಾಗಗಳನ್ನು ಪಾಶ್ಚಾತ್ಯ ವಾದ್ಯಗಳ ಜೊತೆ ಹಾಡುವವಳು. ಹಾಡು ಮನಸ್ಸಿಗೆ ನಾಟಿದರೆ ಅಕ್ಕನ ಕಾಲು ಪೆಡಲಿನ ಮೇಲೆ ತಾನಾಗಿ ನಿಂತು, ಮಶೀನೂ ನಿಲ್ಲುತ್ತಿತ್ತು. ದಿನಕ್ಕೆ ಎಷ್ಟು ಸಲ ನಿಂತಿತೆಂದು ನಾನು ದಿನಚರಿಯಲ್ಲಿ ಬರೆದಿಡುತ್ತಿದ್ದೆ.

ಗಾಯಕಿ ಸ್ಪ್ಯಾನಿಷ್ ಭಾಷೆಯಲ್ಲಿ ಏಳು ಹಾಡುಗಳ ಆಲ್ಬಮ್ ತಂದಾಗ ಅಭಿಮಾನಿಗಳಾದ ನಾವೆಲ್ಲ ಮುನಿದೆವು.

“ನಮ್ಮನ್ನ ಬಿಟ್ಟು ಹೋದ್ಳಕ್ಕ. ಗ್ವಾಡಿ ಮ್ಯಾಲಿನ ಆಕಿ ಫೋಟೋ ತಗೀರಿ,” ಎಂದಳು ರವಿಕೆಗೆ ಹುಕ್ಕು ಹಚ್ಚುತ್ತಿದ್ದ, ನನ್ನ ಜೊತೆ ಹೊಲಿಗೆ ಕಲಿಯುವ ಗೆಳತಿ.

“ಪೂರಾ ಕೇಳ್ರವ್ವಾ, ಆಮ್ಯಾಲ ಮಾತಾಡ್ರಿ,” ಎಂದರು ಅಕ್ಕ. ಯಾರ ಮೇಲೆ ದೂರು ಬಂದರೂ ಅವರದು ಅದೇ ಮಾತು. “ನಾಕು ದಿನ ಕೇಳ್ತೀನಿ. ಕಾಲು ನಿಲ್ಲಲಿಲ್ಲಂದ್ರ ಫೋಟೋ ನಾನಾ ತಗೀತೀನಿ.”

ಸೋಮವಾರ ಸೊನ್ನೆ. ಮಂಗಳವಾರವೂ ಸೊನ್ನೆ. ಬುಧವಾರ ಗಿರಾಕಿಯೊಬ್ಬರು, “ಒಂದಕ್ಷರನೂ ತಿಳೀವಲ್ದು, ಬಂದ್ ಮಾಡವ್ವಾ,” ಎಂದರು. ಅಕ್ಕ ಸದ್ದು ಇನ್ನಷ್ಟು ಏರಿಸಿದರು. ಅಂದೂ ಸೊನ್ನೆ.

ಗುರುವಾರ ಗೆಳತಿ ಫೋಟೋದ ಕೆಳಗೆ ಸ್ಟೂಲು ತಂದಿಟ್ಟು ಕಾಯುತ್ತಿದ್ದಳು. ಆರು ಹಾಡು ಮುಗಿದವು. ಏಳನೆಯದರಲ್ಲಿ ವಾದ್ಯಗಳೆಲ್ಲ ಸುಮ್ಮನಾದವು. ಗಾಯಕಿ ಒಂದೇ ಸ್ವರವನ್ನು ಉಸಿರು ತೀರುವತನಕ ಹಿಡಿದಳು. ಮಶೀನು ನಿಂತಿದೆಯೆಂದು ನಮಗೆ ಗೊತ್ತಾದದ್ದು ಆ ಸ್ವರ ಮುಗಿದ ಮೇಲೆ.

“ಬೇಕಂತ ನಿಲ್ಸಿದ್ರಿ, ಹೌದಿಲ್ಲಕ್ಕ?” ಎಂದು ಗೆಳತಿ ಕೆಣಕಿದಳು.

ಅಕ್ಕನಿಗೆ ಅದು ಕೇಳಿಸಲೇ ಇಲ್ಲ. “ಇನ್ನೊಮ್ಮೆ ಹಚ್ಚವ್ವಾ,” ಎಂದರು.

ನಾನು ‘ಒಂದು’ ಎಂದು ಬರೆದೆ. ಗೆಳತಿ ಸ್ಟೂಲು ಹತ್ತಿದಳು. ಕೈಯಲ್ಲಿದ್ದ ಬಟ್ಟೆಯ ಚೂರಿನಿಂದ ಫೋಟೋ ಒರೆಸಿ, “ಭಾಳ ಧೂಳು ಕುಂತಿತ್ರಿ,” ಎನ್ನುತ್ತ ಇಳಿದಳು.