ಉಂಗುರದ ಮೇಲಿನ ಕಂದು ಬಣ್ಣ

ಒಂದು ಕಾರ್ಬನ್ ತಿಂಗಳೊಪ್ಪತ್ತಿನಲ್ಲಿ ಸವೆದುಹೋದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆಯವರಿಗೆ ಸಾರಿಗೆ ಉಪ್ಪು ಹೆಚ್ಚಾದರೆ ಸಿಟ್ಟು ಬರಬಹುದು, ಬಸ್ಸು ತಪ್ಪಿದರೆ ಬರಬಹುದು. ನನಗೆ ಬರುವುದು ಕಾರ್ಬನ್ ಮೇಲೆ. ಮೋಟಾರಿನೊಳಗೆ ತಿರುಗುವ ಉಂಗುರಕ್ಕೆ ಒತ್ತಿಕೊಂಡು ಕೂತು, ನಿಂತ ತಂತಿಗೂ ತಿರುಗುವ ಸುರುಳಿಗೂ ನಡುವೆ ಕರೆಂಟು ದಾಟಿಸುವ ಕರಿಯ ತುಂಡು ಅದು. ಪುಸ್ತಕದಲ್ಲಿ ಅದನ್ನು ಬ್ರಷ್ ಎನ್ನುತ್ತಾರೆ, ಆದರೆ ಅದಕ್ಕೆ ಒಂದು ಕೂದಲೂ ಇಲ್ಲ. ನಮ್ಮ ಇಳಕಲ್ಲಿನಲ್ಲಿ ಬರೀ ಕಾರ್ಬನ್. ಹಗಲೆಲ್ಲ ಉಜ್ಜಿಸಿಕೊಳ್ಳುವುದೇ ಅದರ ಕೆಲಸವಾದ್ದರಿಂದ ಸವೆಯುವುದು ಸಹಜ. ಎಷ್ಟು ನಿಧಾನವಾಗಿ ಸವೆಯುವಂತೆ ಮಾಡಬಹುದು ಎಂಬುದರ ಹಿಂದೆಯೇ ನಾನು ವರ್ಷಗಟ್ಟಲೆ ಓಡಾಡಿದ್ದೇನೆ.

ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದು ಮೋಟಾರ್ ವೈಂಡಿಂಗ್ ಅಂಗಡಿ ಹಾಕಿದಾಗ, ಹೆಣ್ಣುಮಗಳು ತಾಮ್ರದ ತಂತಿ ಸುತ್ತುವುದನ್ನು ನೋಡಲಿಕ್ಕೆಂದೇ ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಮ್ಮೂರಿನ ಕಲ್ಲಿನ ಕಾರ್ಖಾನೆಗಳಲ್ಲಿ ಕೆಂಪು ಕಲ್ಲನ್ನು ಕೊಯ್ದು, ಉಜ್ಜಿ, ಹೊಳಪು ಕೊಟ್ಟು ಹೊರಗೆ ಕಳಿಸುತ್ತಾರೆ. ಆ ಕಲ್ಲಿನ ಪುಡಿ ಹಿಟ್ಟಿನಷ್ಟು ನಯ, ಗಾಜಿನಷ್ಟು ಗಡಸು. ಅದು ಮೋಟಾರಿನೊಳಗೆ ಹೊಕ್ಕರೆ ಅಂಗಡಿಯಿಂದ ತಂದ ಸಿದ್ಧ ಕಾರ್ಬನ್‌ಗಳು ಬಳಪದಂತೆ ಕರಗುತ್ತಿದ್ದವು. ಎಲ್ಲಿಯೋ ಕೂತು ಯಾರೋ ಮಾಡಿದ ಕಾರ್ಬನ್‌ಗೆ ನಮ್ಮೂರಿನ ಧೂಳು ಹೇಗೆ ಗೊತ್ತಿರಬೇಕು? ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ.

ತಾಮ್ರ ಬೆರೆತ ಗ್ರಾಫೈಟಿನ ಇಟ್ಟಿಗೆ ತರಿಸಿ, ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ ಅಳತೆಗೆ ತಂದೆ. ಉಂಗುರಕ್ಕೆ ತಾಗುವ ಮುಖದಲ್ಲಿ ಒಂದು ಓರೆ ಗೀರು ಕೊರೆದೆ. ಒಳಗೆ ಸಿಕ್ಕ ಧೂಳು ಅದರೊಳಗಿಂದ ಜಾರಿ ಹೊರಬೀಳಲಿ ಎಂದು. ಆ ಉಪಾಯ ಹೊಳೆದ ದಿನ ನಾನು ಕೈಯ ಕರಿಯನ್ನೂ ತೊಳೆಯದೆ ಮನೆಗೆ ಓಡಿ, ಮಗ್ಗದ ಮುಂದೆ ಕೂತಿದ್ದ ಅವ್ವನಿಗೆ ಆ ತುಂಡನ್ನು ತೋರಿಸಿದ್ದೆ. ಅವಳು ಅದನ್ನು ತಿರುಗಿಸಿ ನೋಡಿ, "ಚಲೋ ಐತಿ, ಸೀರಿಗೆ ಹತ್ತಿಸಬ್ಯಾಡ" ಎಂದಳು. ಕಾರ್ಬನ್ನನ್ನು ಒತ್ತುವ ಸ್ಪ್ರಿಂಗಿನ ಬಿಗುವು ಅಳೆಯಲು ಅವಳು ನೂಲು ತೂಗುತ್ತಿದ್ದ ಕೊಕ್ಕೆ ತಕ್ಕಡಿಯನ್ನೇ ಎತ್ತಿಕೊಂಡು ಬಂದೆ. ಕಾರ್ಬನ್ನಿನ ಕೆಳಗೆ ಒಂದು ಕಾಗದದ ಚೂರು ಇಟ್ಟು, ಸ್ಪ್ರಿಂಗನ್ನು ತಕ್ಕಡಿಯಿಂದ ಮೇಲೆತ್ತುತ್ತ ಹೋಗಬೇಕು. ಕಾಗದ ಸಲೀಸಾಗಿ ಜಾರಿ ಬಂದ ಗಳಿಗೆಯಲ್ಲಿ ಮುಳ್ಳು ಎಲ್ಲಿದೆಯೋ ಅದೇ ಬಿಗುವು. ಆ ತಕ್ಕಡಿ ಇವತ್ತಿಗೂ ನನ್ನ ಹತ್ತಿರವೇ ಇದೆ, ಅವ್ವ ಕೇಳುವುದನ್ನು ಬಿಟ್ಟಿದ್ದಾಳೆ.

ಮೊದಲ ಕಂತಿನಲ್ಲಿ ಎರಡು ಜೊತೆ ಮಾಡಿದೆ. ಒಂದು ಕುಳಗೇರಿ ಕ್ರಾಸಿನ ಶೇಂಗಾ ಸುಲಿಯುವ ಗಿರಣಿಗೆ ಹೋಯಿತು. ಇನ್ನೊಂದು ನಮ್ಮೂರಿನ ಒಂದು ಕಲ್ಲಿನ ಕಾರ್ಖಾನೆಗೆ, ಬಂಡೆ ಕೊಯ್ಯುವ ಹಳೆಯ ಯಂತ್ರದ ದೊಡ್ಡ ಮೋಟಾರಿಗೆ.

ಆ ಯಂತ್ರ ನಡೆಸುತ್ತಿದ್ದವರನ್ನು ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು, ನಾನು ಚಾಚಾ ಎನ್ನುತ್ತಿದ್ದೆ. ಹುಡುಗನಾಗಿದ್ದಾಗ ಹೊಳಪು ಕೊಡುವ ವಿಭಾಗಕ್ಕೆ ಸೇರಿದವರು. ಕಲ್ಲಿಗೆ ಏಳು ಸುತ್ತು ಉಜ್ಜಿ ಕೊನೆಯ ಸುತ್ತಿನಲ್ಲಿ ತಮ್ಮ ಮೀಸೆ ಕಾಣಿಸದಿದ್ದರೆ ಅದನ್ನು ಲಾರಿಗೆ ಏರಿಸಲು ಬಿಡುತ್ತಿರಲಿಲ್ಲವಂತೆ. ಆಮೇಲೆ ಈ ಯಂತ್ರಕ್ಕೆ ಬಂದರು, ಇದರ ಪಕ್ಕದಲ್ಲೇ ತಲೆ ನರೆಯಿತು. ಯಂತ್ರದ ಸದ್ದು ಸ್ವಲ್ಪ ಬದಲಾದರೂ ಬಾಯಿಯ ಅಡಿಕೆ ಅಗಿಯುವುದು ನಿಲ್ಲಿಸಿ ಕಿವಿಗೊಡುತ್ತಿದ್ದರು. ಅಂಥ ಕಿವಿ ನನಗಿದ್ದರೆ ನಾನು ಮೀಟರ್‌ಗಳನ್ನೆಲ್ಲ ಮಾರಿಬಿಡುತ್ತಿದ್ದೆ.

ನನ್ನ ಕಾರ್ಬನ್ ಕೂರಿಸಿದ ದಿನ ನನಗೆ ಮದುವೆಯ ಸಂಭ್ರಮ. ಮೋಟಾರಿನ ಮುಚ್ಚಳ ತೆಗೆದರೆ ಒಳಗಿನ ಮೂರು ಉಂಗುರಗಳು ಹಳೆಯ ಕಾರ್ಬನ್‌ಗಳ ಗೀರಿನಿಂದ ಹಾಳಾಗಿ ಕೂತಿದ್ದವು. ಮರಳು ಕಾಗದ ಹಿಡಿದು ನಾನೇ ಉಜ್ಜಿದೆ. ನಯವಾದದ್ದರಿಂದ ಇನ್ನೂ ನಯವಾದದ್ದಕ್ಕೆ ಹೋಗಿ, ಕೊನೆಗೆ ಬಟ್ಟೆಯಿಂದ ಒರೆಸಿ, ಬಂಗಾರದ ಬಳೆಯಂತೆ ಮಾಡಿ, "ನೋಡ್ರಿ ಚಾಚಾ, ಉಂಗುರ ಅಂದ್ರ ಹಿಂಗಿರಬೇಕು!" ಎಂದು ಎದ್ದು ನಿಂತೆ. ಅವರು ಬಗ್ಗಿ ನೋಡಿ, ಮೀಸೆ ತಿರುವಿ, "ಭಾಳ ಚಲೋ ಆತು ತಂಗಿ" ಎಂದರು. ನಾನು ಎಂಟು ತಿಂಗಳ ಭರವಸೆ ಕೊಟ್ಟು ಬಂದೆ.

ಐದು ವಾರಕ್ಕೆ ಫೋನು ಬಂತು. ಕಾರ್ಬನ್ ಮುಗಿದಿತ್ತು, ಯಂತ್ರ ನಿಂತಿತ್ತು.

ಇನ್ನೊಂದು ಜೊತೆ ಮಾಡಿ ಹಾಕಿದೆ, ಸ್ಪ್ರಿಂಗ್ ಬದಲಿಸಿದೆ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಅಂಟಿಸಿದೆ. ಅದೂ ಐದು ವಾರ. ಈ ಸಲ ಕಾರ್ಖಾನೆಯ ಸಾವ್ಕಾರರೇ ಎದುರು ನಿಂತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಬಂಡೆಯ ಮೇಲೆ ಬಂಡೆ ಕಾದು ಬಿದ್ದಿರುವಾಗ ಯಾರಿಗೂ ತಾಳ್ಮೆ ಇರುವುದಿಲ್ಲ.

"ಅಕ್ಕಾರ, ಇನ್ನೊಂದ್ಸಲ ಇದು ನಿಂತ್ರ ಗುಜರಿಗೆ ಹಾಕ್ತೇನ್ರಿ. ಹೊಸಾದು ಕಂಪ್ಯೂಟರಿಂದು ಬರ್ತೈತಿ, ಅದಕ್ಕ ಅವರ ಮನಷ್ಯಾನ ಕಳಸ್ತಾರ. ಮಿಸ್ತ್ರಿಗೂ ವಯಸ್ಸಾತು, ಮನ್ಯಾಗ ಕುಂತು ಆರಾಮ ಇರ್ಲಿ."

ಚಾಚಾ ಅಲ್ಲೇ ನಿಂತಿದ್ದರು. ಯಂತ್ರದ ಮೈಮೇಲೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆರಾಮ ಎಂಬ ಮಾತು ಅವರಿಗೆ ಬೈಗುಳದಂತೆ ತಾಗಿತು, ನನಗೆ ಕಂಡಿತು.

ನಾನು ಅವತ್ತು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸಾವ್ಕಾರರು ಅತ್ತ ಹೋದದ್ದೇ ಚಾಚಾನ ಮೇಲೆ ಹರಿಹಾಯ್ದೆ. "ನೀವು ಧೂಳು ಬಿಡ್ತೀರಿ ಚಾಚಾ, ಮುಚ್ಚಳಾ ಸರಿ ಹಾಕಂಗಿಲ್ಲ. ನನ್ನ ಕಾರ್ಬನ್ನಿಗೆ ಏನೂ ಆಗಿಲ್ಲ!" ಎಂದೆ. ಅವರು, "ಧೂಳು ನಾ ಬಿಡಂಗಿಲ್ಲ ತಂಗಿ, ಖರೇನ ಬಿಡಂಗಿಲ್ಲ" ಎಂದಷ್ಟೇ ಹೇಳಿ ಚಹಾ ತರಿಸಿದರು. ಆ ಚಹಾ ಕುಡಿಯದೆ ಎದ್ದು ಬಂದೆ. ನನ್ನ ಸಿಟ್ಟಿಗೆ ಬೆಂಕಿ ಬೀಳಲಿ.

ಮರುದಿನ ತಲೆ ತಣ್ಣಗಾದ ಮೇಲೆ ನೆನಪಾಯಿತು: ಕುಳಗೇರಿ ಕ್ರಾಸಿನಿಂದ ಯಾಕೆ ಫೋನೇ ಬಂದಿಲ್ಲ? ಅದೇ ಇಟ್ಟಿಗೆ, ಅದೇ ಗೀರು, ಅದೇ ಸ್ಪ್ರಿಂಗು. ಅಲ್ಲಿ ಗಿರಣಿ ನಿಂತಿತೋ, ಬೇರೆ ಯಾರನ್ನಾದರೂ ಕರೆಸಿಕೊಂಡರೋ? ಫೋನಿನಲ್ಲಿ ಕೇಳುವ ತಾಳ್ಮೆಯೂ ಇರಲಿಲ್ಲ. ಹುನಗುಂದದ ಮೇಲೆ ಹೋಗುವ ಬಾದಾಮಿ ಬಸ್ಸು ಹತ್ತಿದೆ, ಅಲ್ಲಿ ಇನ್ನೊಂದು ಬಸ್ಸು ಹಿಡಿದೆ, ಮಧ್ಯಾಹ್ನದ ಬಿಸಿಲಿನಲ್ಲಿ ಕ್ರಾಸಿಗೆ ಇಳಿದೆ.

ಗಿರಣಿ ನಡೆಸುವ ಅಮ್ಮ ಶೇಂಗಾ ಸಿಪ್ಪೆಯ ರಾಶಿಯ ನಡುವೆ ಕೂತು ಊಟ ಮಾಡುತ್ತಿದ್ದಳು. ಮೋಟಾರು ಗುಂಯ್ ಎನ್ನುತ್ತಿತ್ತು. ಅದರ ಮೈಮೇಲೆ ಬೆರಳು ಮುಳುಗುವಷ್ಟು ಹೊಟ್ಟು.

"ಕಾರ್ಬನ್ ಹೆಂಗ ಅದಾವ್ರಿ?" ಎಂದೆ.

"ಯಾವ ಕಾರ್ಬನ್? ನೀ ಹೋದಮ್ಯಾಲ ನಾ ಅದರ ಮುಚ್ಚಳಾನ ತಗದಿಲ್ಲವಾ. ಯಾಕ, ತಗೀಬೇಕಿತ್ತೇನು?"

ಗಿರಣಿ ನಿಲ್ಲಿಸಿ, ಹೊಟ್ಟು ಸರಿಸಿ, ಮುಚ್ಚಳ ತೆಗೆದೆ. ಕಾರ್ಬನ್ ಅಳೆದರೆ ಸವೆದದ್ದು ಒಂದು ಉಗುರಿನ ದಪ್ಪವೂ ಇಲ್ಲ! ಎರಡು ಸಲ ಅಳೆದೆ. ಆಮೇಲೆ ಉಂಗುರ ನೋಡಿದೆ. ಅದು ಕಂದಾಗಿತ್ತು, ಪಾಕ ಬಂದ ಬೆಲ್ಲದ ಬಣ್ಣ. ಕಾರ್ಬನ್ ತನ್ನ ಮೈಯಿಂದಲೇ ಒಂದಿಷ್ಟು ಬಿಟ್ಟುಕೊಟ್ಟು, ತಾಮ್ರದ ಮೇಲೆ ತೆಳ್ಳನೆಯ ಪದರು ಹಾಸಿಕೊಂಡು, ಅದರ ಮೇಲೆ ಸುಖವಾಗಿ ಜಾರುತ್ತಿತ್ತು. ಇದನ್ನು ನಾನು ಡಿಪ್ಲೊಮಾದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ಕಣ್ಣಿನಿಂದ ನೋಡಿದ್ದು ಮಾತ್ರ ಅವತ್ತೇ. ನಮ್ಮೂರಿನ ಯಂತ್ರದ ಮುಚ್ಚಳ ತೆಗೆದಾಗಲೆಲ್ಲ ಉಂಗುರ ಹೊಳೆಯುತ್ತಿದ್ದದ್ದು ನೆನಪಾಯಿತು. ಎರಡು ಸಲವೂ ಹೊಳೆಯುತ್ತಿತ್ತು, ಎರಡು ಸಲವೂ ನಾನು ಅದನ್ನು ನೋಡಿ ಖುಷಿಪಟ್ಟಿದ್ದೆ! ಗಿರಣಿಯಲ್ಲೇ ಜೋರಾಗಿ ಕೂಗಿಕೊಂಡೆ. ಅಮ್ಮ ಗಾಬರಿಯಾಗಿ ತುತ್ತು ಕೆಳಗಿಟ್ಟಳು.

ಬಸ್ಸಿನಲ್ಲಿ ವಾಪಸು ಬರುವಾಗ ಕೂತಲ್ಲಿ ಕೂರಲಾಗಲಿಲ್ಲ. ಸೀಟಿದ್ದರೂ ಹುನಗುಂದದ ತನಕ ನಿಂತೇ ಬಂದೆ. ಅಲ್ಲಿ ಆ ಪದರನ್ನು ಯಾರು ಉಜ್ಜಿ ತೆಗೆಯುತ್ತಿದ್ದಾರೆ? ಯಾರೋ ಬೇಕೆಂದೇ ನನ್ನ ಕಾರ್ಬನ್ ಕೆಡಿಸುತ್ತಿದ್ದಾರೆ ಎಂದು ಒಂದು ಕಥೆಯನ್ನೇ ಕಟ್ಟಿಕೊಂಡೆ. ಕೈಗೆ ಸಿಕ್ಕರೆ ಅವನನ್ನು ಬಿಡಬಾರದು ಎಂದುಕೊಂಡೆ.

ಮಾರನೆಯ ದಿನ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಯಂತ್ರಗಳಿಗೆಲ್ಲ ಪೂಜೆ. ತೊಳೆದು, ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಬೆಳಗ್ಗೆಯೇ ಕಾರ್ಖಾನೆಗೆ ಹೋದೆ. ಹಳೆಯ ಯಂತ್ರದ ಮೋಟಾರಿನ ಮುಚ್ಚಳ ತೆರೆದಿತ್ತು. ಚಾಚಾ ಅದರ ಮುಂದೆ ಮಂಡಿಯೂರಿ ಕೂತು, ಕಲ್ಲಿಗೆ ಕೊನೆಯ ಸುತ್ತಿನಲ್ಲಿ ಹಾಕುವ ಪಾಲಿಶ್ ಪುಡಿಯನ್ನು ಒದ್ದೆ ಬಟ್ಟೆಗೆ ಹಚ್ಚಿ, ಉಂಗುರವನ್ನು ತಿಕ್ಕುತ್ತಿದ್ದರು. ಎಷ್ಟು ಅಕ್ಕರೆಯಿಂದ ಎಂದರೆ, ಮಗುವಿನ ಮುಖ ತೊಳೆಯುವವರೂ ಹಾಗೆ ತೊಳೆಯಲಾರರು. ಉಂಗುರದಲ್ಲಿ ಅವರ ಮೀಸೆ ಕಾಣುತ್ತಿತ್ತು.

"ಚಾಚಾ, ಇದನ್ನ ಪ್ರತಿ ಅಮಾಶಿಗೂ ಮಾಡ್ತೀರೇನು?"

"ಅಮಾಶಿಗಷ್ಟ ಯಾಕ ತಂಗಿ, ವಾರಕ್ಕೊಮ್ಮೆ ಮಾಡ್ತೇನಿ. ಒಂದ್ವಾರಾನೂ ತಪ್ಸಿಲ್ಲ. ನೀನ ತೋರ್ಸಿ ಕೊಟ್ಟಿದ್ದಿಯಲ್ಲ, ಉಂಗುರ ಅಂದ್ರ ಹಿಂಗಿರಬೇಕು ಅಂತ."

ಕಳ್ಳನನ್ನು ಹಿಡಿಯಲು ಬಂದಿದ್ದೆ, ಕಳ್ಳಿ ನಾನೇ. ಒಮ್ಮೆ ಉಜ್ಜಬೇಕು, ಆಮೇಲೆ ಮುಟ್ಟಬಾರದು ಎಂದು ನಾನು ಹೇಳಿರಲಿಲ್ಲ. ಹೊಳಪು ತರುವುದನ್ನು ತೋರಿಸುವ ಸಡಗರದಲ್ಲಿ ಅರ್ಧ ವಿದ್ಯೆ ಹೇಳಿ, ಉಳಿದರ್ಧ ನುಂಗಿಬಿಟ್ಟಿದ್ದೆ. ಜೀವನವಿಡೀ ಹೊಳಪು ಕೊಟ್ಟ ಕೈಗೆ ಅಷ್ಟು ಸಾಕಾಗಿತ್ತು. ಪ್ರತಿ ವಾರ ಕಾರ್ಬನ್ ಹೊಸದಾಗಿ ಪದರು ಹಾಸಿಕೊಳ್ಳುವುದು, ಚಾಚಾ ಅದನ್ನು ತಿಕ್ಕಿ ತೆಗೆಯುವುದು. ಉಳಿದ ಪಾಲಿಶ್ ಪುಡಿಯೂ ಕಾರ್ಬನ್ನನ್ನು ಅರೆಯುತ್ತಿತ್ತು.

ಅಷ್ಟರಲ್ಲಿ ಸಾವ್ಕಾರರು ಕಾಯಿ ಕರ್ಪೂರ ಹಿಡಿದು ಬಂದರು. ನನ್ನ ಮುಖ ನೋಡಿ, "ಏನ್ರಿ ಅಕ್ಕಾರ, ಸಿಕ್ತೇನು ಕಾರಣ?" ಎಂದರು. ಸುಳ್ಳು ಏಕೆ ಹೇಳಲಿ, ಒಂದು ಗಳಿಗೆ ನನ್ನ ನಾಲಿಗೆ ಹಿಂದೆ ಸರಿಯಿತು. ಗ್ರಾಫೈಟಿನ ಇಟ್ಟಿಗೆಯೇ ಸರಿ ಇರಲಿಲ್ಲ ಎನ್ನಬಹುದಿತ್ತು. ಚಾಚಾ ಉಜ್ಜಿ ಕೆಡಿಸಿದರು ಎಂದರೂ ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಹಾಗೆಂದರೆ ಚಾಚಾ ಅವತ್ತೇ ಮನೆಗೆ. ಅವರಾಗಲೇ ಕೈಯ ಬಟ್ಟೆ ಮಡಚುತ್ತ, ಬಾಯಿ ತೆರೆಯುತ್ತಿದ್ದರು.

"ತಪ್ಪು ನಂದ್ರಿ ಸಾವ್ಕಾರ್ರ" ಎಂದೆ. "ಉಂಗುರ ತಿಕ್ಕೋದು ನಾನ ಕಲ್ಸಿದ್ದು. ದ್ವಾಸಿ ಹಂಚು ದಿನಾ ಬೂದಿ ಹಾಕಿ ತಿಕ್ಕಿದ್ರ ದ್ವಾಸಿ ಏಳತೈತೇನ್ರಿ? ಪಳಗಿದ ಹಂಚು ಬೇಕು. ನಾ ಹಂಚು ಪಳಗಾಕ ಬಿಟ್ಟಿಲ್ಲ. ಚಾಚಾ ನಾ ಹೇಳಿದಂಗ ಮಾಡ್ಯಾರ, ಒಂದ್ವಾರಾ ತಪ್ಪಿಸದ ಮಾಡ್ಯಾರ."

ಸಾವ್ಕಾರರು ಇಬ್ಬರನ್ನೂ ನೋಡಿದರು. "ಮೂರು ಅಮಾಶಿ ದಾಟ್ಲಿ" ಎಂದರು. "ದಾಟಿದ್ರ ಮಷಿನ್ನೂ ಇರ್ಲಿ, ಮಿಸ್ತ್ರೀನೂ ಇರ್ಲಿ. ಇಲ್ಲಂದ್ರ ನಿಮ್ಮ ಕಾರ್ಬನ್ ಈ ಊರಾಗ ಯಾರೂ ತಗೋಳಂಗಿಲ್ಲ ನೋಡ್ರಿ."

ಹೊಸ ಜೊತೆ ಹಾಕಿ, ಉಂಗುರದ ಪುಡಿಯೆಲ್ಲ ತೆಗೆದು, ಮುಚ್ಚಳ ಮುಚ್ಚಿದೆ. ಅವತ್ತು ಚಾಚಾ ತರಿಸಿದ ಚಹಾವನ್ನು ಎರಡು ಲೋಟ ಕುಡಿದೆ.

ಆ ಮೂರು ತಿಂಗಳು ನನಗಿಂತ ಅವರಿಗೇ ಕಷ್ಟ. ಮೊದಲ ಅಮಾವಾಸ್ಯೆಗೆ ಯಂತ್ರದ ಹೊರಮೈಯನ್ನು ಮೂರು ಸಲ ಒರೆಸಿ, ಮುಚ್ಚಳದ ಹತ್ತಿರ ಬಂದಾಗ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಹೋದರಂತೆ. ಎರಡನೆಯದಕ್ಕೆ ನನ್ನ ಅಂಗಡಿಗೇ ಬಂದುಬಿಟ್ಟರು. "ಕೈ ಕೇಳವಲ್ದು ತಂಗಿ, ಏನಾರ ತಿಕ್ಕಾಕ ಕೊಡು" ಎಂದರು. ನಾನು ಬಾಗಿಲ ಹಿತ್ತಾಳೆ ಬೀಗ ಕೊಟ್ಟೆ. ಅದು ಈಗಲೂ ಓಣಿಯ ಕೊನೆಯಿಂದ ಕಾಣುತ್ತದೆ.

ಮೂರನೆಯ ಅಮಾವಾಸ್ಯೆಯ ಬೆಳಗ್ಗೆ ಮೂವರೂ ಮೋಟಾರಿನ ಸುತ್ತ ನಿಂತೆವು. ಕಾರ್ಬನ್ ಹೊರತೆಗೆದು ಅಳತೆ ಮಾಡಿದೆ. ಓದಿದೆ. ಮತ್ತೆ ಓದಿದೆ. ಆಮೇಲೆ ಅಳತೆಯ ಸಾಧನವನ್ನು ಸಾವ್ಕಾರರ ಕೈಗೇ ಕೊಟ್ಟು, "ಉಗುರಿನಷ್ಟೂ ಸವದಿಲ್ಲ, ನೀವ ನೋಡ್ರಿ!" ಎಂದು ಕಿರುಚಿದೆ. ಅವರು ಕನ್ನಡಕ ಏರಿಸಿ ನೋಡಿ, ಕಾಯಿಯನ್ನು ಚಾಚಾನ ಕೈಗೆ ಕೊಟ್ಟರು. ಪ್ರತಿ ಅಮಾವಾಸ್ಯೆ ಅದನ್ನು ಸಾವ್ಕಾರರೇ ಒಡೆಯುತ್ತಿದ್ದರು.

ಚಾಚಾ ಕಾಯಿ ಹಿಡಿದುಕೊಂಡೇ ಮಂಡಿಯೂರಿದರು. ಉಂಗುರದ ಹತ್ತಿರ ಮುಖ ತಂದರು, ಮುಟ್ಟಲಿಲ್ಲ. ಕಂದು ಬಣ್ಣ ಪದರು ಪದರಾಗಿ ಕೂತು, ತನ್ನಷ್ಟಕ್ಕೆ ತಾನೇ ನಯವಾಗಿ, ಬೆಳಕಿಗೆ ಮಿರುಗುತ್ತಿತ್ತು. ಒಂದು ಕೈಯಿಂದ ಮೀಸೆ ತಿರುವಿ, ನನ್ನತ್ತ ತಿರುಗಿ ನಕ್ಕರು.

"ತಂಗಿ, ಮೀಸಿ ಇಲ್ಲೂ ಕಾಣಾಕತ್ತೈತಿ ನೋಡು" ಎಂದರು.