ಎಡಮೂಲೆಯ ಚಿತ್ರ

ನಮ್ಮಪ್ಪ ಸೊಲ್ಲಾಪುರದ ಚಾದರಗಳಿಗೆ ಡಿಸೈನ್ ಬರೆಯುವವನು. ಮೊದಲು ಚೌಕಳಿ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ತನ್ನ ಬಳ್ಳಿ, ನವಿಲು ನೇಯದ ಮಗ್ಗವೇ ಇಲ್ಲ ಎನ್ನುತ್ತಿದ್ದ. ಅದರಲ್ಲಿ ಅರ್ಧ ಬಡಾಯಿ. ವಯಸ್ಸಾದಂತೆ ಅವನ ಕಣ್ಣಿನ ನಡುವಿನ ನೋಟ ಹೋಯಿತು. ಎದುರಿಗಿದ್ದವರ ಮುಖ ಕಾಣದು, ಕಿವಿ ಕಾಣುತ್ತದೆ. ಅಂಚಿನ ನೋಟ ಉಳಿಯಬಹುದು, ಅದೂ ಮಸುಕಾಗಬಹುದು ಎಂದರು ಡಾಕ್ಟರು. ಅಪ್ಪನಿಗೆ ಬೇಕಾದದ್ದು ಒಂದೇ: ತನ್ನ ಡಿಸೈನನ್ನು ತಾನೇ ಬರೆಯಬೇಕು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ತೆರೆಯ ಮೇಲಿನ ವಿಂಡೋಗಳನ್ನೆಲ್ಲ ಕೂಡಿಸಿ ಒಂದೇ ಚಿತ್ರವಾಗಿ ತೋರಿಸುವ ಪ್ರೋಗ್ರಾಮಿಗೆ ಕಾಂಪೊಸಿಟರ್ ಎನ್ನುತ್ತಾರೆ. ಅದಕ್ಕೊಂದು ಪ್ಲಗಿನ್ ಬರೆದೆ. ಮೌಸಿನ ಬಾಣ ಎಲ್ಲಿದೆಯೋ ಅಲ್ಲಿಯ ತುಣುಕನ್ನು ದೊಡ್ಡದು ಮಾಡಿ, ಅಪ್ಪನ ಓರೆನೋಟಕ್ಕೆ ಸಿಗುವ ಎಡಮೂಲೆಯಲ್ಲಿ ತೋರಿಸುವುದು ಅದರ ಕೆಲಸ. ಅದಕ್ಕಾಗಿ ತೆರೆಯನ್ನು ಬರೆಯುವ ಫಂಕ್ಷನ್ನಿಗೇ ಹುಕ್ ಹಾಕಬೇಕು. ಅಕ್ಕಲಕೋಟದ ಮನೆಯಲ್ಲಿ ನಮ್ಮಜ್ಜಿ ಹೊಸ್ತಿಲ ಬಳಿಯೇ ಕೂತಿರುತ್ತಿದ್ದಳು. ಅಜ್ಜನನ್ನು ಕೇಳಿಕೊಂಡು ಬಂದವರು ಮೊದಲು ಅವಳಿಗೆ ಸಿಕ್ಕಬೇಕು, ಅವಳೇ ಒಳಗೆ ಕರೆದೊಯ್ಯಬೇಕು. ಹುಕ್ ಎಂದರೆ ಅಷ್ಟೇ. ಕರೆ ಮೊದಲು ನನ್ನ ಫಂಕ್ಷನ್ನಿಗೆ ಬರುತ್ತದೆ. ನಾನು ಮೂಲದ್ದನ್ನು ಕರೆದು, ಅದು ಬರೆದ ಚಿತ್ರದ ಮೇಲೆ ನನ್ನ ತುಣುಕು ಇಡುತ್ತೇನೆ.

ಆದರೆ ಇದು ಹೊರಗಿನವರಿಗೆಂದು ಇಟ್ಟ ಬಾಗಿಲಲ್ಲ. ಕಾಂಪೊಸಿಟರಿನವರು ಒಳಗಿನ ಫಂಕ್ಷನ್ನಿನ ಹೆಸರು ಬದಲಿಸಿದರೆ ಹುಕ್ ಕೂರುವುದಿಲ್ಲ. ಆಗ ಏನೇನೋ ಸಂದೇಶ ಬಂದು ಅಪ್ಪ ಗಾಬರಿಯಾಗಬಾರದೆಂದು, ಪ್ಲಗಿನ್ ಸುಮ್ಮನೆ ಬದಿಗೆ ಸರಿಯುವಂತೆ ಬರೆದಿದ್ದೆ.

ಅಪ್ಪ ತಲೆ ಓರೆ ಮಾಡಿಕೊಂಡು ಮತ್ತೆ ಬಳ್ಳಿ ಬರೆಯತೊಡಗಿದ. ಬಡಾಯಿಯೂ ಮರಳಿತು.

ಒಂದು ದಿನ ಕಾರಖಾನೆಯ ಮಾಲೀಕರ ಫೋನು ನನಗೆ ಬಂತು. "ಅಕ್ಕಾರ, ನಿಮ್ಮ ಅಪ್ಪಾರು, ಡಿಸೈನ್ ಮಾಸ್ತರು, ಕೆಲಸ ಬ್ಯಾರೆಯವರಿಗೆ ಕೊಡ್ರಿ ಅಂದಾರ. ಏನಾಗ್ಯದ್ರಿ?"

ನನಗೇನು ಗೊತ್ತು? ಅಪ್ಪ ದಿನಾ ಬೆಳಿಗ್ಗೆ ಮೌಸ್ ಹಿಡಿದು ಕೂರುವುದನ್ನು ನೋಡುತ್ತಲೇ ಇದ್ದೆ. ಹೋಗಿ ಅವನ ಬೆನ್ನ ಹಿಂದೆ ನಿಂತೆ. ಎಡಮೂಲೆ ಖಾಲಿ ಇತ್ತು.

"ಅಪ್ಪಾ, ಇಲ್ಲಿ ಚಿತ್ರ ಕಾಣಸ್ತದೇನು?"

"ಇಲ್ಲವ್ವಾ. ಬಾಜೂಕಿನ ನೋಟಾನೂ ಹೋತು. ನಿನಗ ಹೇಳಿ ಏನ್ ಮಾಡೂದು ಅಂತ ಸುಮ್ಮನಿದ್ದೆ."

ಅಪ್ಡೇಟ್ ಬಂದು ಹುಕ್ ಕಳಚಿತ್ತು. ಅವನು ಅದನ್ನು ತನ್ನ ಕಣ್ಣಿನ ದೋಷವೆಂದುಕೊಂಡು, ಯಾರಿಗೂ ಹೇಳದೆ, ಒಬ್ಬನೇ ಕೂತು ದುಃಖ ನುಂಗಿದ್ದ.

"ಕಣ್ಣಲ್ಲಪಾ! ನನ್ನ ಪ್ಲಗಿನ್ ಕೆಟ್ಟದ!" ಎಂದು ಕಿರುಚಿದೆ. ಸಿಟ್ಟೂ ಬಂತು, ಅಳುವೂ ಬಂತು. ಆ ಮಧ್ಯಾಹ್ನವೇ ಫಂಕ್ಷನ್ನಿನ ಹೊಸ ಹೆಸರು ಹುಡುಕಿ ಹುಕ್ ಹಾಕಿದೆ. ಮೂಲೆಯಲ್ಲಿ ಚಿತ್ರ ಮೂಡಿತು. ಅಪ್ಪ ಗಾಜಿನ ಮೇಲೆ ಬೆರಳಿಟ್ಟು ಅದನ್ನು ಮುಟ್ಟಿ ನೋಡಿದ. ಆಮೇಲೆ ಮಾಲೀಕರಿಗೆ ಫೋನ್ ಹಚ್ಚಿ, "ನಮ್ಮ ಕೆಲಸ ವಾಪಸ್ ಕಳಸ್ರಿ" ಎಂದ.

ಅಂದಿನಿಂದ ಮೂಲೆಯ ಚಿತ್ರ ಕಾಣದಾದರೆ ನನ್ನನ್ನೇ ಕೂಗುತ್ತಿದ್ದ: "ಅವ್ವಿ, ಅಪ್ಡೇಟ್ ಬಂದದೇನ್ ನೋಡು." ಹುಕ್ ಕಳಚಿದರೆ ಗಂಟೆ ಬಾರಿಸುವಂತೆ ಮಾಡುತ್ತೇನೆಂದರೆ ಒಪ್ಪಲಿಲ್ಲ. "ಮಷಿನ್ ಹೇಳೂದು ಬ್ಯಾಡ, ನೀ ನೋಡಿ ಹೇಳು. ಖರೇ ಹೇಳು." ಪ್ರತಿಸಲವೂ ಅಪ್ಡೇಟೇ ಬಂದಿರುತ್ತಿತ್ತು. "ಬಂದದ" ಎಂದರೆ ಸಾಕು, ಅಪ್ಪ ಗೆದ್ದವನಂತೆ ಚಹಾ ಕೇಳುತ್ತಿದ್ದ.

ಈ ಶ್ರಾವಣದಲ್ಲಿ ಮತ್ತೆ ಕೂಗಿದ. ಹೋಗಿ ನೋಡಿದೆ. ಅಪ್ಡೇಟ್ ಬಂದಿರಲಿಲ್ಲ. ಎಡಮೂಲೆಯಲ್ಲಿ ಬಳ್ಳಿಯ ತುದಿ ದೊಡ್ಡದಾಗಿ, ಸ್ವಚ್ಛವಾಗಿ ನಿಂತಿತ್ತು. ಸುಳ್ಳು ನಾಲಿಗೆಯವರೆಗೂ ಬಂತು.

"ಇಲ್ಲಪಾ," ಎಂದೆ, "ಬಂದಿಲ್ಲ."

ಅಪ್ಪ ಸ್ವಲ್ಪ ಹೊತ್ತು ಮೌಸ್ ಬಿಡಲಿಲ್ಲ. ಆಮೇಲೆ ಎದ್ದು ಕುರ್ಚಿಯನ್ನು ನನ್ನ ಕಡೆ ಸರಿಸಿದ.

"ನೀ ಕೂಡು. ಆ ತುದಿ ಬಲಕ್ಕ ಹೊಳ್ಳಬೇಕು. ನಾ ಹೇಳ್ತೀನಿ, ನೀ ಎಳಿ."