ಲಾಭ ಅಂದರೆ ಒಂದು

ಖುಷಿಯ ಅವಸರದಲ್ಲಿ ಬರೆಯುತ್ತಾ ಇದ್ದೀನಿ. ಅಕ್ಷರ ಸೊಟ್ಟಗಾದರೆ ಬೈಕೋಬೇಡಿ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದರೆ ಎಣಿಸೋದರಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸಿದವರು ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಿಟ್ಟಿಗೆ ಹೇಳುತ್ತಿದ್ದೀನಿ. ಆ ಸಿಟ್ಟಿಗೆ ಹೆಚ್ಚುಕಡಿಮೆ ನನ್ನ ಮದುವೆಯಷ್ಟೇ ವಯಸ್ಸಾಗಿದೆ.

ಮೊನ್ನೆ ನನ್ನ ಇಬ್ಬರು ಮೊಮ್ಮಕ್ಕಳು ರಜಕ್ಕೆ ಬಂದು ಟಿ.ವಿ. ಮುಂದೆ ಜಗಳ ಹೂಡಿದ್ದರು. ಒಬ್ಬಳದು ಟಿ.ವಿ.ಗೆ ಹಚ್ಚಿ ವಿಡಿಯೋ ಗೇಮು ಆಡೋ ಕರೀ ಡಬ್ಬಿ, ಇನ್ನೊಬ್ಬಳದು ಬಿಳಿ. ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಜುಟ್ಟು ಹಿಡಿಯೋದೊಂದು ಬಾಕಿ. ಕೊನೆಗೆ ನನ್ನ ಹತ್ತಿರ ನ್ಯಾಯಕ್ಕೆ ಬಂದರು.

“ಅಜ್ಜಿ, ನೀನೇ ಹೇಳು, ಯಾವ್ದು ಚೆನ್ನಾಗೈತೆ?”

“ಯಾವ್ದು ಎಷ್ಟು ಕರೆಂಟು ಕೇಳ್ತೈತೆ?” ಅಂದೆ.

ಇಬ್ಬರೂ ಹೊಟ್ಟೆ ಹಿಡಕೊಂಡು ನಕ್ಕರು. “ಅಜ್ಜಿಗೇನ್ ಗೊತ್ತು ಬಿಡೇ ಇದೆಲ್ಲ!”

ಉರಿದುಹೋಯ್ತು ನನಗೆ. “ಗೊತ್ತಿಲ್ದೇ ಏನ್ರೇ! ದುರ್ಗಕ್ಕೆ ಇಂಥ ಡಬ್ಬಿ ಮೊದಲು ಬಂದಾಗ ಎರಡನ್ನೂ ಕಣ್ಣಾರೆ ಕಂಡೋಳು ನಾನು. ಅದರಾಗೆ ಒಂದನ್ನ ಸುಟ್ಟೋಳು ಅನ್ನೋ ಹೆಸರೂ ನಂದೇ!”

ಆಮೇಲೆ ಅವರು ಬಿಡಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೀನಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಡದಕೆರೆ ಕಡೆಯ ಕುರಿ ಮಂದೆಯ ಮನೆಯಿಂದ ನನ್ನನ್ನು ಚಿತ್ರದುರ್ಗದ ರೇಡಿಯೋ ರಿಪೇರಿ ಅಂಗಡಿಯ ಮನೆಗೆ ಕೊಟ್ಟರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಅಂಗಡಿಗೆ ದೊಡ್ಡವರು ನನ್ನ ಭಾವ. ನಮ್ಮ ಯಜಮಾನರು ಅವರ ತಮ್ಮ. ಕೈಯಲ್ಲಿ ಚಿನ್ನದಂಥ ಕೆಲಸ, ಬಾಯಲ್ಲಿ ಮಾತಿಲ್ಲ. ಪರದೆಯ ಈಚೆ ಅಡುಗೆಮನೆ ಪಕ್ಕದಲ್ಲಿ ತಂತಿ ಸುತ್ತೋ ಕೈ ಮಿಷನ್ನು ಇತ್ತು. ರೇಡಿಯೋದ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದರ ತಂತಿ ಬಿಚ್ಚಿ ಹೊಸದು ಸುತ್ತಬೇಕು. ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಕೂದಲೆಳೆಯಂಥ ತಂತಿಯನ್ನು ಒತ್ತೊತ್ತಾಗಿ ಕೂರಿಸುತ್ತಾ, ಸುತ್ತು ಎಣಿಸಬೇಕು. ಮಿಷನ್ನಿಗೆ ಎಣಿಸೋ ಮೀಟರು ಇರಲಿಲ್ಲ. ಮೊದಲು ಅತ್ತೆ ಎಣಿಸುತ್ತಿದ್ದರು. ನಾನು ಬಂದ ಮೇಲೆ ಆ ಕೆಲಸ ನನಗೆ ಬಂತು.

ನನಗೆ ಅದು ಆಟ. ನಮ್ಮಪ್ಪ ಸಂಜೆ ರೊಪ್ಪದ ಬಾಗಿಲಲ್ಲಿ ಕುರಿ ಒಳಗೆ ಬಿಡುವಾಗ ಇಪ್ಪತ್ತು ಕುರಿಗೆ ಒಂದು ಕಲ್ಲು ಇಡುತ್ತಿದ್ದ. ಮೊದಲ ಕಲ್ಲಿಗೆ ಒಂದು ಅನ್ನುತ್ತಿರಲಿಲ್ಲ. ಕಣದಲ್ಲಿ ರಾಗಿ ಅಳೆಯೋವಾಗ ಅಂತಾರಲ್ಲ, ಹಾಗೆ “ಲಾಭ” ಅನ್ನುತ್ತಿದ್ದ. ಆ ಲಾಭದ ಕಲ್ಲನ್ನು ನೆಲಕ್ಕಿಡದೆ ಕಂಬಳಿ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಲಾಭ, ಎರಡು, ಮೂರು. ನಾನೂ ಹಾಗೇ ಕಲಿತೆ. ಅಂಗಡಿ ಮನೆಯಲ್ಲಿ ನೂರು ಸುತ್ತಿಗೆ ಒಂದು ಹುಣಸೇಬೀಜ. ಲಾಭದ ಬೀಜ ಗೂಡಿನಲ್ಲಿದ್ದ ದೀಪದ ಬುಡಕ್ಕೆ, ಉಳಿದವು ತಟ್ಟೆಗೆ. ಎರಡು ವರ್ಷ ನಾನು ಸುತ್ತಿದ ಒಂದು ತಂತಿ ಸುರುಳಿಯೂ ವಾಪಸು ಬಂದಿರಲಿಲ್ಲ. ನಮ್ಮ ಯಜಮಾನರು ಮೀಟರು ಇಟ್ಟು ನೋಡಿ, ತಲೆ ಅಲ್ಲಾಡಿಸಿ, ಮೀಸೆಯಲ್ಲೇ ನಗುತ್ತಿದ್ದರು. ಆ ನಗುವೇ ನನಗೆ ಸಂಬಳ.

ಹೀಗಿರುವಾಗ ಬಳೆ ಅಂಗಡಿ ಸಾಹೇಬರ ತಮ್ಮ ದುಬೈನಿಂದ ಒಂದು ಟಿ.ವಿ. ತಂದ. ನಮ್ಮ ಕಡೆ ಆಗಿನ್ನೂ ಟಿ.ವಿ.ಗೆ ಏನೂ ಬರುತ್ತಿರಲಿಲ್ಲ. ಹಚ್ಚಿದರೆ ಎಳ್ಳು ಹುರಿದ ಹಾಗೆ ಚಟಪಟ ಚುಕ್ಕಿ, ಅಷ್ಟೇ. ಆದರೆ ಟಿ.ವಿ. ಜೊತೆಗೆ ಒಂದು ಆಟದ ಡಬ್ಬಿಯೂ ಬಂದಿತ್ತು. ಕೆಂಪು ಬಣ್ಣ, ಅದರ ಮೈಮೇಲೇ ಎರಡು ತಿರುಪು, ಹೊಟ್ಟೆಯಲ್ಲಿ ಆರು ಬ್ಯಾಟರಿ ಸೆಲ್ಲು. ತಿರುಪು ತಿರುಗಿಸಿದರೆ ಟಿ.ವಿ. ಪರದೆಯ ಮೇಲೆ ಎರಡು ಗೆರೆ ಮೇಲೆ ಕೆಳಗೆ ಓಡುತ್ತವೆ, ನಡುವೆ ಒಂದು ಬಿಳಿ ಚುಕ್ಕಿ ಟೊಕ್ ಟೊಕ್ ಅಂತ ಆಚೆಗೂ ಈಚೆಗೂ ಬಡಿಸಿಕೊಳ್ಳುತ್ತದೆ. ಭರಮಸಾಗರದಿಂದೆಲ್ಲ ಬಂದು ನೋಡಿದರು.

ಅದು ಹೊಸದುರ್ಗದ ಎಣ್ಣೆ ಮಿಲ್ಲಿನ ಸಾಹುಕಾರರ ಕಿವಿಗೆ ಬಿತ್ತು. ಅವರ ಅಳಿಯ ಅಮೆರಿಕಾದಿಂದ ತಂದ ಒಂದು ಡಬ್ಬಿ ಅವರ ಬೀರುವಿನಲ್ಲಿ ಬಿದ್ದಿತ್ತಂತೆ. ಮುಂದೆ ತೇಗದ ಮರದ ಹಾಗೆ ಬಣ್ಣ, ತಿರುಪುಗಳು ಉದ್ದ ತಂತಿಯ ತುದಿಯಲ್ಲಿ ಬೇರೆ ಬೇರೆ. ಕೂತಲ್ಲೇ ಆಡಬಹುದು, ಒಬ್ಬರ ಮೈಮೇಲೆ ಒಬ್ಬರು ಬೀಳಬೇಕಾಗಿಲ್ಲ. ಊರು ಎರಡಾಯಿತು. ಒಂದು ಸೆಲ್ಲಿನ ಪಕ್ಷ, ಒಂದು ಕರೆಂಟಿನ ಪಕ್ಷ. ಟೀ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಯಾವುದರ ಚುಕ್ಕಿ ದೊಡ್ಡದು, ಯಾವುದು ಜೋರಾಗಿ ಟೊಕ್ ಅನ್ನುತ್ತದೆ, ಇದೇ ವಾದ. ಅರ್ಧ ಜನ ಒಂದನ್ನೂ ನೋಡಿರಲಿಲ್ಲ ಅನ್ನೋದು ಬೇರೆ ಮಾತು. ಸಾಹೇಬರೂ ಸಾಹುಕಾರರೂ ಒಪ್ಪಿಕೊಂಡರು: ಸಂತೆ ದಿನ, ನಮ್ಮ ಅಂಗಡಿಯಲ್ಲಿ, ಅದೇ ಟಿ.ವಿ.ಗೆ ಎರಡನ್ನೂ ಹಚ್ಚಿ ನೋಡಿಬಿಡೋಣ.

ಅಮೆರಿಕಾದ ಕರೆಂಟು ನಮ್ಮ ಕರೆಂಟಿನ ಅರ್ಧ ಅಂತೆ. ನೇರ ಚುಚ್ಚಿದರೆ ಡಬ್ಬಿ ಸುಡುತ್ತದೆ. ನಡುವೆ ಅರ್ಧ ಮಾಡಿ ಕೊಡೋ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮ ಯಜಮಾನರು ಲೆಕ್ಕ ಹಾಕಿ ಚೀಟಿ ಕೊಟ್ಟರು: ಒಳಗೆ ಎಂಟು ನೂರು ಸುತ್ತು, ಅದರ ಮೇಲೆ ನಾಲ್ಕು ನೂರು. ಅಷ್ಟು ಸರಳ. ಒಳಗಿನದನ್ನು ಹಿಂದಿನ ದಿನವೇ ಸುತ್ತಿ ಮುಗಿಸಿದ್ದೆ. ಸಂತೆ ದಿನ ಬೆಳಿಗ್ಗೆ ಮೇಲಿನದನ್ನೂ ಮುಗಿಸಿದೆ. ಲಾಭ, ಎರಡು, ಮೂರು, ನಾಲ್ಕು. ಒಂದು ಬೀಜ ದೀಪದ ಬುಡದಲ್ಲಿ, ಮೂರು ತಟ್ಟೆಯಲ್ಲಿ. ತಂತಿ ಕತ್ತರಿಸೋಕೆ ಕತ್ತರಿ ತೆಗೆದುಕೊಂಡೆ. ಆಗ ಭಾವ ಪರದೆ ಸರಿಸಿ ಬಂದರು. ತಟ್ಟೆ ನೋಡಿದರು.

“ಮೂರೇ ಐತಲ್ಲಮ್ಮ. ಇನ್ನೂ ನೂರು ಬೇಕು.”

“ನಾಕಾತು ಭಾವ. ಲಾಭದ್ದು ಗೂಡಿನಾಗೈತೆ, ನೋಡ್ರಿ.”

“ಲಾಭ ಗೀಭ ಎಲ್ಲ ಕಣದಾಗೆ ಇಟ್ಕ. ಇದು ಅಂಗಡಿ. ತಟ್ಟೇಲಿರೋದು ಲೆಕ್ಕ.”

“ನಾಕು ನೂರು ಸುತ್ತೀನಿ ಭಾವ, ಬೇಕಾದ್ರೆ ಅವರನ್ನ ಕೇಳ್ರಿ.”

“ಅವನ್ನೇನು ಕೇಳೋದು? ಅವನು ಎಣಿಸಿದ್ನಾ? ಏಳು, ಸಾಹುಕಾರ್ರು ಬಂದವ್ರೆ, ಟೀ ಇಡು.”

ಎದ್ದೆ. ಯಾಕೆ ಎದ್ದೆ ಅಂತ ಈಗಲೂ ನನ್ನ ಮೇಲೇ ಹಲ್ಲು ಕಡಿಯುತ್ತೀನಿ. ಹಾಲು ಉಕ್ಕೋದನ್ನು ನೋಡುತ್ತಾ ನಿಂತಿದ್ದೆ, ಬೆನ್ನ ಹಿಂದೆ ಭಾವ ತಿರುಗಿಸುತ್ತಿದ್ದ ಮಿಷನ್ನು ಗರಗರ ಅನ್ನುತ್ತಿತ್ತು. ಮೇಲೆ ನೂರು ಸುತ್ತು ಹೆಚ್ಚಾದರೆ ಕರೆಂಟು ಹೆಚ್ಚು ಬರುತ್ತದೆ ಅನ್ನೋದು ನನಗೂ ಗೊತ್ತಿತ್ತು. ಅತ್ತೆಗೆ ಹೇಳಿದೆ. “ಸುಮ್ನಿರು, ದೊಡ್ಡೋರ ಮಾತಿಗೆ ಎದುರಾಡ್ಬಾರ್ದು” ಅಂದರು.

ಅಂಗಡಿ ತುಂಬ ಜನ. ಆ ಅವಸರದಲ್ಲಿ ಭಾವ ನಮ್ಮ ಯಜಮಾನರಿಗೆ ಮೀಟರು ಇಟ್ಟು ನೋಡೋಕೂ ಬಿಡಲಿಲ್ಲ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮೊದಲು ಸಾಹೇಬರ ಕೆಂಪು ಡಬ್ಬಿ. ಟೊಕ್ ಟೊಕ್. ಸೆಲ್ಲಿನ ಪಕ್ಷ ಸಿಳ್ಳೆ ಹಾಕಿತು. ಆಮೇಲೆ ಮಿಲ್ಲಿನ ಸಾಹುಕಾರರ ಡಬ್ಬಿ. ಚಿತ್ರ ಕೆಳಗಿಂದ ಮೇಲಕ್ಕೆ ಉರುಳುತ್ತಿತ್ತು. ನಮ್ಮ ಯಜಮಾನರು ಟಿ.ವಿ.ಯ ಹಿಂದಿನ ತಿರುಪು ಹಿಡಿದು ಅದನ್ನು ನಿಲ್ಲಿಸಿದರು. ಚುಕ್ಕಿ ಬಂತು. ಸಾಹುಕಾರರು ತೊಡೆ ತಟ್ಟಿ, “ನೋಡ್ರಪ್ಪ ಬೆಳಕು! ಇದರ ಮುಂದೆ ನಿಮ್ದು ಮಿಣುಕುಹುಳ!” ಅಂದರು.

“ಏನ್ ಸಾವ್ಕಾರ್ರೇ, ನಿಮ್ದು ಕರೆಂಟು ತಿನ್ತೈತೆ, ನಮ್ದು ಸೆಲ್ಲು ನೆಕ್ತೈತೆ, ಅಷ್ಟೇ ಫರಕು” ಅಂತ ಸಾಹೇಬರು ನಕ್ಕರು.

ನಗು ಮುಗಿಯೋ ಮುಂಚೆ ವಾಸನೆ ಬಂತು. ಅರಗು ಸುಟ್ಟ ಹಾಗೆ. ತೇಗದ ಬಣ್ಣದ ಡಬ್ಬಿಯಿಂದ ಸಣ್ಣ ಹೊಗೆ ಎದ್ದಿತು, ಟ್ರಾನ್ಸ್‌ಫಾರ್ಮರ್‌ನಿಂದ ಇನ್ನೂ ದಪ್ಪ ಹೊಗೆ. ಚುಕ್ಕಿ ನಡುದಾರಿಯಲ್ಲೇ ಮಾಯ. ಸಾಹುಕಾರರ ಮುಖ ಕಪ್ಪಿಟ್ಟಿತು. “ಇದೇನ್ರೀ ಮಾಡಿದ್ರಿ?”

ಭಾವ ಒಂದು ಗಳಿಗೆಯೂ ಯೋಚಿಸಲಿಲ್ಲ. ಪರದೆ ಕಡೆ ಕೈ ತೋರಿಸಿ ಅಷ್ಟು ಜನರ ಮುಂದೆ ಅಂದರು: “ನಮ್ಮನೆ ಹುಡುಗಿ ಎಣಿಕೆ ತಪ್ಪಿದ್ಲು. ಕುರಿ ಎಣಿಸೋರ ಕೈಗೆ ಕೊಟ್ಟಿದ್ದು ನನ್ನ ತಪ್ಪು, ಕ್ಷಮಿಸಿಬಿಡ್ರಿ.”

ಯಾರೋ “ಬ್ಯಾ…” ಅಂತ ಕುರಿ ಕೂಗು ಕೂಗಿದರು. ಅಂಗಡಿಯೆಲ್ಲ ನಕ್ಕಿತು. ನಾನು ಪರದೆಯಾಚೆ ನುಗ್ಗಿ “ಸುಳ್ಳು!” ಅಂತ ಕೂಗಬೇಕಿತ್ತು. ನುಗ್ಗಲಿಲ್ಲ. ನಮ್ಮ ಯಜಮಾನರು ಸ್ಕ್ರೂ ಡ್ರೈವರಿನ ತುದಿ ನೋಡುತ್ತಾ ಕೂತಿದ್ದರು. ಒಳಗೆ ಬಂದ ಮೇಲೆ ಕೇಳಿದೆ: “ನೀವಾದ್ರೂ ನಂಬ್ತೀರೋ ಇಲ್ವೋ?” “ನಂಬ್ತೀನಿ ಕಣೇ. ಅಣ್ಣನ ಮುಂದೆ ಹೆಂಗೆ ಹೇಳ್ಲಿ?” ಅಂದರು. ನಂಬಿಕೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರೆ ಹೆಂಡತಿಗೇನು ಬಂತು? ಆ ಮಾತಿಗೆ ಅವರನ್ನು ಎಷ್ಟು ವರ್ಷ ಬೈದಿದ್ದೀನೋ! ಅವರು ಹೋಗಿ ಹತ್ತು ವರ್ಷವಾದರೂ ಒಮ್ಮೊಮ್ಮೆ ಬೈಯುತ್ತೀನಿ.

ಮಾರನೇ ದಿನವೇ ಮಿಷನ್ನು ನನ್ನ ಕೈ ಬಿಟ್ಟಿತು. ಮತ್ತೆ ಅತ್ತೆಯೇ ಕೂತರು. ನಮ್ಮ ಮನೆಯಲ್ಲಿ “ಕುರಿ ಲೆಕ್ಕ” ಅನ್ನೋದು ಗಾದೆ ಆಯಿತು. ಊಟಕ್ಕೆ ಒಂದು ಎಲೆ ಕಡಿಮೆ ಬಿದ್ದರೆ “ಕುರಿ ಲೆಕ್ಕ ಹಾಕಿದ್ಯೇನಮ್ಮ?” ನನ್ನ ಮಗನಿಗೆ ಲೆಕ್ಕದಲ್ಲಿ ಕಡಿಮೆ ಅಂಕ ಬಂದರೂ “ತಾಯಿ ಕಡೇದು.” ನಮ್ಮಪ್ಪ ಜೀವಮಾನದಲ್ಲಿ ಒಂದು ಮರಿ ತಪ್ಪಿಸಿದವನಲ್ಲ! ಅವನ ಎಣಿಕೆಗೆ ಮಸಿ ಬಳಿದರಲ್ಲ ಅಂತ ನನಗೆ ಇನ್ನೂ ಉರಿ.

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಕಸಕ್ಕೆ ಎಸೆದಿದ್ದರು. ನಾನು ಎತ್ತಿ, ಹಳೇ ಸೀರೆ ತುಂಡಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಇಟ್ಟೆ. ಬಿಚ್ಚಿ ಎಣಿಸಿದರೆ ಗೊತ್ತಾಗುತ್ತಿತ್ತು. ಆದರೆ ನಾನೊಬ್ಬಳೇ ಎಣಿಸಿ ಏನು ಬಂತು? ನಂಬದೆ ಹೋದದ್ದೇ ನನ್ನ ಎಣಿಕೆಯನ್ನು. ಜೊತೆಗೆ ಇನ್ನೊಬ್ಬರು ಕೂತು ಎಣಿಸಬೇಕಿತ್ತು. ಆ ಮನೆಯಲ್ಲಿ ಯಾರೂ ಕೂರಲಿಲ್ಲ.

ಇಷ್ಟು ಕೇಳಿದ್ದೇ ದೊಡ್ಡ ಮೊಮ್ಮಗಳು, ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್ ಓದುತ್ತಿರೋಳು, ಎದ್ದು ನಿಂತಳು. “ಅಜ್ಜಿ, ಅದು ಇನ್ನೂ ಐತಾ?”

“ಐತೆ.”

“ತಗೊಂಡು ಬಾ.”

ಆಟದ ಡಬ್ಬಿಗಳ ಜಗಳ ಅಲ್ಲಿಗೇ ನಿಂತಿತು. ಅವಳು ಕಬ್ಬಿಣದ ಪಟ್ಟಿ ಕಿತ್ತು, ಕರಕಲಾದ ತಂತಿಯ ತುದಿ ಹಿಡಿದಳು. ಮೇಲಿನ ಸುತ್ತು ನೋಡಿದ್ದೇ “ಇದೇನಜ್ಜಿ, ಹುಲ್ಲು ಹೊರೆ ಥರ?” ಅಂದಳು. ನಾನು ಪದರಕ್ಕೊಂದು ಕಾಗದ ಇಟ್ಟು ನೂಲಿನ ಹಾಗೆ ಕೂರಿಸುತ್ತಿದ್ದೆ. ಇದು ಅಡ್ಡಾದಿಡ್ಡಿ, ಕಾಗದವೂ ಇಲ್ಲ. ತಂತಿ ಅಲ್ಲಲ್ಲಿ ತುಂಡಾಗುತ್ತಿತ್ತು, ಆದರೂ ಒಂದೊಂದು ಸುತ್ತೂ ಬಿಚ್ಚಿದೆವು. ಅವಳು ಒಂದು ಅಂತ ಶುರು ಮಾಡಿದಳು, ನಾನು ನೂರಕ್ಕೊಂದು ಬೀಜ ಇಟ್ಟೆ. ಅಡ್ಡಾದಿಡ್ಡಿ ಸುತ್ತು ಸರಿಯಾಗಿ ನೂರಕ್ಕೆ ಮುಗಿಯಿತು. ಅದರ ಕೆಳಗೆ ನನ್ನ ಕೈ ಸುತ್ತು, ಕಾಗದದ ಸಮೇತ. ನಾಲ್ಕು ನೂರು. ಒಟ್ಟು ಐದು ಬೀಜ. ಮೊಮ್ಮಗಳು ನನ್ನನ್ನು ತಬ್ಬಿಕೊಂಡು ಕುಣಿದಳು. ನಾನೂ ಈ ಮಂಡಿಯಲ್ಲೇ ಕುಣಿದೆ. ಆಮೇಲೆ ಅವೇ ಬೀಜ ಸೆರಗಿನಲ್ಲಿ ಗಂಟು ಹಾಕಿಕೊಂಡು, “ನಡಿ, ಹಿರಿಯೂರಿಗೆ ಹೋಗಾಣ” ಅಂದೆ. ಭಾವ ಅಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ, ಬಾಯಿ ಮಾತ್ರ ಇನ್ನೂ ಅಂಗಡಿಯದ್ದೇ.

ಬಸ್ಸಿನ ಉದ್ದಕ್ಕೂ ಏನು ಬೈಯಬೇಕು ಅಂತ ಜೋಡಿಸಿಕೊಂಡೆ. ಅವರು ಜಗುಲಿಯ ಮೇಲೆ ಕೂತಿದ್ದರು. “ಬಾರಮ್ಮ, ಬಾ. ಏನು ಅಪರೂಪ? ಕುಂತ್ಕ.”

ನಾನು ಕೂರಲಿಲ್ಲ. ಸುಟ್ಟ ತಂತಿಯನ್ನೂ ಬೀಜಗಳನ್ನೂ ಅವರ ಮುಂದೆ ಸುರಿದೆ. “ಆ ಟ್ರಾನ್ಸ್‌ಫಾರ್ಮರ್ ಬಿಚ್ಚೀವಿ ಭಾವ. ಇವಳೂ ಎಣಿಸ್ಯಾಳೆ. ಮೇಲಿನ ಸುತ್ತು, ನೂರಕ್ಕೊಂದು ಬೀಜ. ನೀವೇ ಎಣಿಸ್ರಿ.”

“ಇನ್ನೂ ಅದನ್ನೇ ಹಿಡ್ಕಂಡಿದ್ದೀಯಾ? ಆಗಿದ್ದಾತು ಬಿಡಮ್ಮ.”

“ನಿಮಗಾತು. ನನಗಾಗಿಲ್ಲ. ಎಣಿಸ್ರಿ!”

ನಾನು ಅಷ್ಟು ಜೋರಾಗಿ ಅವರ ಮುಂದೆ ಮಾತಾಡಿದ್ದು ಅದೇ ಮೊದಲು. ಒಳಗಿಂದ ಅವರ ಮಗಳು ಇಣುಕಿದಳು. ಭಾವ ಕನ್ನಡಕ ಸರಿ ಮಾಡಿಕೊಂಡು, ಗೊಣಗುತ್ತಾ, ಮೊದಲ ಬೀಜ ಪಕ್ಕಕ್ಕೆ ಸರಿಸಿದರು.

“ಲಾಭ,” ಅಂದರು. “ಎರಡು. ಮೂರು. ನಾಕು. ಐದು.”

ಅಂದವರೇ ಕೈ ಅಲ್ಲೇ ನಿಲ್ಲಿಸಿದರು. ಪಕ್ಕಕ್ಕೆ ಸರಿಸಿದ ಬೀಜ ನೋಡಿದರು, ಉಳಿದ ನಾಲ್ಕನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಕಣ್ಣು ಕೆಳಗೆ ಹಾಕಲಿಲ್ಲ.

“ಈಗ ತಟ್ಟೇಲಿರೋದು ಲೆಕ್ಕಾನೋ, ಪಕ್ಕಕ್ಕಿಟ್ಟಿದ್ದೂ ಲೆಕ್ಕಾನೋ ಭಾವ?”

ಭಾವ ಆ ಒಂಟಿ ಬೀಜವನ್ನು ಎತ್ತಿ, ಉಳಿದ ನಾಲ್ಕರ ಜೊತೆ ಸೇರಿಸಿಟ್ಟರು.

“ಅದೂ ಲೆಕ್ಕವೇ ಕಣಮ್ಮ” ಅಂದರು. “ನೂರು ಹೆಚ್ಚು ಸುತ್ತಿದ್ದು ನಾನೇ.”

“ಜೋರಾಗಿ ಹೇಳ್ರಿ. ನಿಮ್ಮ ಮಗಳಿಗೂ ಕೇಳ್ಲಿ.”

ಹೇಳಿದರು. ಆಗ ಕೂತೆ.